ಕಿವಿಯೊಳಗಿನ ಗುಡ್ಡ

ಕಿವಿ ಪರೀಕ್ಷೆಯ ಕೋಣೆಯಲ್ಲಿ ಯಾರೂ ನಗಬಾರದೆಂಬ ನಿಯಮವನ್ನು ಮಾಡಿದವಳು ನಾನೇ. ನಗಿಸುವ ಪ್ರಸಂಗಗಳು ಮಾತ್ರ ಆ ನಿಯಮವನ್ನು ಓದದೆಯೇ ಒಳಗೆ ಬರುತ್ತವೆ.

ಹೊಸಪೇಟೆಯ ಒಂದು ಕಿವಿ, ಮೂಗು, ಗಂಟಲಿನ ಆಸ್ಪತ್ರೆಯಲ್ಲಿ ನಾನು ಬಹುಕಾಲದಿಂದ ಪರೀಕ್ಷೆ ಮಾಡುವವಳು. ನನ್ನ ಉಪಕರಣಗಳು ಎರಡು. ಒಂದು, ಮೀಟಿದರೆ ಗುಂಯ್ ಎನ್ನುವ ಉಕ್ಕಿನ ಶ್ರುತಿಕವೆ. ಇನ್ನೊಂದು, ರಬ್ಬರಿನ ತುದಿಯ ಮೂಲಕ ಕಿವಿಯಲ್ಲಿ ಗಾಳಿಯ ಒತ್ತಡವನ್ನು ಏರಿಸಿ ಇಳಿಸಿ, ಒಳಗಿನ ತಮಟೆ ಎಷ್ಟು ಅಲುಗುತ್ತದೆ ಎಂಬುದನ್ನು ಗೆರೆಯಾಗಿ ಗೀಚುವ ಯಂತ್ರ. ಮಧ್ಯಕಿವಿ ಆರೋಗ್ಯವಾಗಿದ್ದರೆ ಗೆರೆಯ ನಡುವೆ ಒಂದು ಗುಡ್ಡ ಮೂಡುತ್ತದೆ. ಆ ಹೊತ್ತಿನಲ್ಲಿ ಮಾತಾಡಬಾರದು, ಉಗುಳು ನುಂಗಬಾರದು, ನಗಬಾರದು. ತಪ್ಪಿದರೆ ಮತ್ತೆ ಮೊದಲಿನಿಂದ.

ಈ ವರ್ಷ ನೆಗಡಿಯೊಂದು ನನ್ನ ಬಲಗಿವಿಯನ್ನು ಮುಚ್ಚಿಬಿಟ್ಟಿತು. ರೋಗಿಗೆ ಕವೆಯ ನಾದ ಕೇಳಿಸುವುದು ನಿಂತೊಡನೆ ಅದನ್ನು ನನ್ನ ಬಲಗಿವಿಗೆ ಹಿಡಿದು ಹೋಲಿಸುವುದು ನನ್ನ ಪದ್ಧತಿ; ಎಡಗಿವಿ ಮೊದಲಿನಿಂದಲೂ ತುಸು ಮಂದ. ಅಳತೆಯೇ ತಪ್ಪಾದ ಮೇಲೆ ಅಳೆಯುವವಳು ಅಲ್ಲಿರಬಾರದು. ತಿಂಗಳ ಕೊನೆಯೊಳಗೆ ಕಿವಿ ತೆರೆಯದಿದ್ದರೆ ಕವೆಯನ್ನು ಡಾಕ್ಟರಮ್ಮನಿಗೆ ಒಪ್ಪಿಸಿ, ಕೆಲಸ ಬಿಟ್ಟು ಮನೆಗೆ ಹೋಗುವುದೆಂದು ನಿಶ್ಚಯಿಸಿದೆ. ಕೋಣೆಯನ್ನು ಬಿಡಬೇಕಾದೀತೆಂದುಕೊಂಡ ಆ ದಿನಗಳಲ್ಲಿ ನೆನಪಾದವು ಇವು.

ಎಡವೋ, ಬಲವೋ

ಕಂಪ್ಲಿಯ ಅಕ್ಕಿ ಗಿರಣಿಯ ಮನೆತನದ ಅಜ್ಜಿಯೊಬ್ಬರನ್ನು ಸೊಸೆ ಕರೆತಂದಿದ್ದಳು. ದೂರು ಇಷ್ಟೇ: "ಅತ್ತೇರಿಗೆ ಕರದ್ರ ಕೇಳ್ಸಂಗಿಲ್ರಿ."

ಅತ್ತೆಯ ಹಣೆಯ ತುಂಬ ವಿಭೂತಿ. ಕವೆಯನ್ನು ಮೀಟಿ, ಅದರ ಹಿಡಿಯ ತುದಿಯನ್ನು ಹಣೆಯ ನಡುವೆ ಇಟ್ಟು, "ನಾದ ಯಾವ ಕಿವಿಗೆ ಹೆಚ್ಚು ಕೇಳುತ್ತದೆ?" ಎಂದೆ. ಅವರು ಕಣ್ಣು ಮುಚ್ಚಿ ಕೈ ಮುಗಿದರು. ಮತ್ತೆ ಕೇಳಿದೆ.

"ಸುಮ್ನಿರವ್ವಾ, ಓಂಕಾರ ನಡದೈತಿ."

"ಎಡಕ್ಕೋ ಬಲಕ್ಕೋ, ಅಷ್ಟು ಹೇಳಿ."

"ಅಂವಂಗ ಎಡ ಯಾವ್ದು, ಬಲ ಯಾವ್ದು? ನಟ್ಟ ನಡುವ ಅದಾನ."

ಎರಡೂ ಕಿವಿಗಳು ಸಮನಾಗಿದ್ದರೆ ನಾದ ನಡುವೆಯೇ ಕೇಳಬೇಕು, ಉತ್ತರ ಶಾಸ್ತ್ರಸಮ್ಮತವಾಗಿತ್ತು. ಉಳಿದ ಪರೀಕ್ಷೆಗಳೂ ಸರಿಯಾಗಿಯೇ ಬಂದವು. ಹೊರಗೆ ಹೋಗಿ, ಕಿವಿಯಲ್ಲಿ ಯಾವ ದೋಷವೂ ಇಲ್ಲವೆಂದು ಸೊಸೆಗೆ ತಿಳಿಸಿದೆ.

"ನಂಗೂ ಅದ ಡೌಟ್ ಇತ್ರಿ" ಎಂದು ಅವಳು ಪಿಸುಗುಟ್ಟಿದಳು.

ಒಳಗಿನಿಂದ ಅತ್ತೆಯ ಧ್ವನಿ ಬಂತು: "ಏನ್ ಡೌಟ್?"

ಸೈರನ್

ಸಂಡೂರಿನ ಗಣಿಯಲ್ಲಿ ದುಡಿದು ನಿವೃತ್ತರಾದ ತಾತನೊಬ್ಬರು ಬಂದಿದ್ದರು. ಜೋರು ಸದ್ದಾದರೆ ಮಧ್ಯಕಿವಿಯ ಪುಟ್ಟ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ. ಅದನ್ನು ನೋಡಲು ಯಂತ್ರ ಕಿವಿಯಲ್ಲಿ ಕೂಗುತ್ತದೆ. ಕೂಗಿತು. ಸ್ನಾಯು ಬಿಗಿಯಿತೋ ಇಲ್ಲವೋ ತಿಳಿಯಲಿಲ್ಲ, ತಾತನೇ ಎದ್ದುಬಿಟ್ಟರು.

"ಸೈರನ್ ಆತ್ರಿ! ಬ್ಲಾಸ್ಟಿಂಗ್ ಐತಿ! ಜಲ್ದಿ ಬರ್ರಿ!"

ನನ್ನ ತೋಳು ಹಿಡಿದು ಬೀರುವಿನ ಹಿಂದಕ್ಕೆ ಎಳೆದೊಯ್ದು, ತಲೆ ಬಗ್ಗಿಸಿ ಕೂರಿಸಿದರು. ಅಂಥ ಗಾಬರಿಯಲ್ಲೂ ನನ್ನನ್ನು ಬಿಟ್ಟು ಓಡದ ಆ ಮನುಷ್ಯರಿಗೆ ನಾನು ಇಂದಿಗೂ ಋಣಿ. ನಾವಿಬ್ಬರೂ ಹಾಗೆ ಕುಳಿತಿರುವಾಗ ಡಾಕ್ಟರು ಒಳಗೆ ಬಂದು, "ಏನಾಯಿತು?" ಎಂದರು.

"ಇನ್ನಾ ಆಗಿಲ್ರಿ" ಎಂದರು ತಾತ. "ನೀವೂ ಬರ್ರಿ, ಜಾಗ ಐತಿ."

ಹೋದ ಗುಡ್ಡ

ಅದೇ ತಾತ ಮುಂದೆ ಮೊಮ್ಮಗಳನ್ನು ಕರೆತಂದರು. ಶಾಲೆಯಲ್ಲಿ ಹೆಸರು ಕೂಗಿದರೂ ತಿರುಗುವುದಿಲ್ಲ ಎಂದು ದೂರು. ಯಂತ್ರ ಗೀಚಿದ ಗೆರೆ ನೆಲದಂತೆ ಚಪ್ಪಟೆಯಾಗಿತ್ತು. ತಮಟೆಯ ಹಿಂದೆ ನೀರು ನಿಂತಾಗ ಹೀಗಾಗುತ್ತದೆ.

"ಇಲ್ಲಿ ಒಂದು ಗುಡ್ಡ ಇರಬೇಕಿತ್ತು. ಇಲ್ಲ" ಎಂದು ತೋರಿಸಿದೆ.

ತಾತ ಮೊಮ್ಮಗಳ ಕಡೆ ತಿರುಗಿ ಜೋರಾಗಿ ಕೇಳಿದರು: "ನಿನ್ನ ಗುಡ್ಡಾನೂ ಲಾರಿಯಾಗ ತುಂಬಿ ಕಳಿಸ್ಯಾರೇನವ್ವಾ?"

"ನಾ ಯಾರಿಗೂ ಕೊಟ್ಟಿಲ್ಲ ತಾತ" ಎಂದು ಮಗು ಅಳತೊಡಗಿತು.

ಡಾಕ್ಟರು ಔಷಧಿ ಕೊಟ್ಟು, ಕಾಯಲು ಹೇಳಿದರು. ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಿದಾಗ, ದೇವರ ದಯೆ, ಗುಡ್ಡ ಮೂಡಿತ್ತು. ತಾತ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಮ್ಮಾರ, ಜೀವಮಾನ ಎಲ್ಲಾ ಗಣಿಯಾಗ ಕಳದೀನಿ. ಹೋದ ಗುಡ್ಡ ತಿರುಗಿ ಬಂದದ್ದು ಇದ ಮೊದ್ಲು ನೋಡ್ರಿ."

ನನ್ನ ಸರದಿ

ತಿಂಗಳ ಕೊನೆ ಬಂತು, ಕಿವಿ ತೆರೆಯಲಿಲ್ಲ. ಡಾಕ್ಟರು ನನ್ನನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿದರು. ಕವೆಯನ್ನು ಒರೆಸಿ ಮೇಜಿನ ಮೇಲೆ ಇಟ್ಟೆ, ಒಪ್ಪಿಸಲು ಸಿದ್ಧವಾಗಿರಲೆಂದು. ಮತ್ತೊಮ್ಮೆ ತೋರಿಸಿಕೊಳ್ಳಲು ಬಂದಿದ್ದ ಆ ತಾತ ಮತ್ತು ಮೊಮ್ಮಗಳು ಬಾಗಿಲಲ್ಲಿದ್ದರು. ಮಗು ನೇರವಾಗಿ ಒಳಗೆ ಬಂದು, ಬೆರಳೆತ್ತಿ, ನನ್ನದೇ ಧಾಟಿಯಲ್ಲಿ ಹೇಳಿತು:

"ಮಾತಾಡಬಾರ್ದು. ಉಗುಳು ನುಂಗಬಾರ್ದು. ನಗಬಾರ್ದು."

ಆಗಲಿ ಎಂದು ತಲೆಯಾಡಿಸಿದೆ.

"ತಲೀನೂ ಅಲ್ಲಾಡಿಸಬಾರ್ದು."

ಡಾಕ್ಟರು ರಬ್ಬರಿನ ತುದಿಯನ್ನು ನನ್ನ ಬಲಗಿವಿಗೆ ಇಟ್ಟರು, ಪರದೆಯ ಮೇಲೆ ಗೆರೆ ಮೂಡಿತು. ಗುಡ್ಡವಿತ್ತು, ಆದರೆ ನಡುವೆ ಇರಲಿಲ್ಲ. ಎಡಕ್ಕೆ ಬಹುದೂರ ಸರಿದಿತ್ತು. ಮೂಗಿನ ಹಿಂದಿನಿಂದ ಕಿವಿಗೆ ಗಾಳಿ ಒಯ್ಯುವ ನಾಳ ಮುಚ್ಚಿಕೊಂಡು, ತಮಟೆ ಒಳಕ್ಕೆ ಸೆಳೆದುಕೊಂಡಾಗ ಹೀಗಾಗುತ್ತದೆ. ನಾನು ಮೇಜಿನ ಮೇಲಿನ ಕವೆಯನ್ನು ನೋಡಿದೆ.

ತಾತ ಬಗ್ಗಿ ಪರದೆಯನ್ನು ಪರಿಶೀಲಿಸಿದರು.

"ಚಿಂತಿ ಮಾಡಬ್ಯಾಡ್ರಿ ಅಮ್ಮಾರ. ಗುಡ್ಡ ಕಳುವಾಗಿಲ್ಲ. ಟ್ರಾನ್ಸ್‌ಫರ್ ಆಗೈತಿ, ಅಷ್ಟ."

"ಎಲ್ಲಿಗೆ ತಾತ?" ಎಂದಿತು ಮಗು.

"ಕಂಪ್ಲಿಗವ್ವಾ. ಅಲ್ಲಿ ಎತ್ತಾಗ ನೋಡಿದ್ರೂ ಬರೇ ಗದ್ದಿ. ಒಂದಾರ ಗುಡ್ಡ ಇರ್ಲಿ ಅಂತ ಹಾಕ್ಯಾರ."

ನಾನು ನಕ್ಕೆ. ನಗುವನ್ನು ಅಡಗಿಸಲು ಉಗುಳು ನುಂಗಿದೆ. ಎರಡು ನಿಯಮಗಳು ಒಟ್ಟಿಗೆ ಮುರಿದವು, ಕಿವಿಯೊಳಗೆ ಟಪ್ ಎಂದಿತು. ರಬ್ಬರಿನ ತುದಿಯನ್ನು ತೆಗೆದೆ. ಫ್ಯಾನಿನ ಸದ್ದು, ಹೊರಗೆ ಬಸ್ಸಿನ ಹಾರ್ನು, ಎಲ್ಲವೂ ಬಲಗಡೆಯಿಂದ ಬಂದವು. ಡಾಕ್ಟರು ಕವೆಯನ್ನು ಮೀಟಿ ನನ್ನ ಬಲಗಿವಿಗೆ ಹಿಡಿದರು. ನಾದ ತೆಳುವಾಗುತ್ತ ತೆಳುವಾಗುತ್ತ ಕೊನೆಯವರೆಗೂ ಕೇಳಿತು. ಅವರು ಕವೆಯನ್ನು ತಿರುಗಿ ನನ್ನ ಕೈಯಲ್ಲಿಟ್ಟರು.

ಕಣ್ಣು ತುಂಬಿ ಬಂತು. ತಾತನಿಗೆ ಕೃತಜ್ಞತೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗು ಡಾಕ್ಟರರ ಸೆರಗು ಜಗ್ಗಿತು:

"ಡಾಕ್ಟ್ರಮ್ಮಾ, ಅಮ್ಮಾರು ನಕ್ಕಾರ, ನುಂಗ್ಯಾರ, ಈಗ ಮಾತಾಡಾಕೂ ಹತ್ಯಾರ! ಮೊದ್ಲಿಂದ ಮಾಡ್ರಿ!"