ಹೆಣ್ಣು ನೋಡಲು ಹೋದಲ್ಲಿ ಕಡಲ್ಗಳ್ಳರು

ರಜೆಗೆ ಊರಿಗೆ ಬಂದಾಗಲೆಲ್ಲ ಇಂಥದ್ದೊಂದು ಆಗದೆ ಇರುವುದೇ ಇಲ್ಲ. ಸುತ್ತಮುತ್ತ ಸಮುದ್ರದ ಸುಳಿವೇ ಇಲ್ಲದ ಬೈಲಹೊಂಗಲದವನು ನಾನು, ಸರಕಿನ ಹಡಗಿನಲ್ಲಿ ಖಲಾಸಿ. ಸಿಕ್ಕವರೆಲ್ಲ ಕೇಳುವುದು ಕಡಲ್ಗಳ್ಳರ ಸುದ್ದಿಯನ್ನೇ. ಆ ಕಳ್ಳರ ಹೆದರಿಕೆಯಿಂದ ಆಗಲೇ ಎರಡು ಸಂಬಂಧ ತಪ್ಪಿದ್ದವು. ಈ ಸಲದ ರಾಮದುರ್ಗದ ಹುಡುಗಿಯಂತೂ ಫೋಟೋದಲ್ಲೇ ನನ್ನ ಮನಸ್ಸಿಗೆ ಬಂದಿದ್ದಳು. ಇದೂ ತಪ್ಪಿದರೆ ಏನು ಗತಿ!

ಬಸ್ಸಿನಲ್ಲಿ

ಸೋದರಮಾವನ ಜೊತೆ ಹೆಣ್ಣು ನೋಡಲು ಹೊರಟೆ. ನಾನು ಹಡಗಿನವನೆಂದು ಮಾವನೇ ಬಸ್ಸಿಗೆಲ್ಲ ಕೇಳುವಂತೆ ಹೇಳಿಬಿಟ್ಟ. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತ.

“ಕಡಲಗಳ್ಳರನ್ನ ಕಂಡೀರೇನ್ರಿ? ಒಂದ ಕಣ್ಣಿಗೆ ಪಟ್ಟಿ, ಹೆಗಲ ಮ್ಯಾಲೆ ಗಿಣಿ?”

“ಎರಡೂ ಕಣ್ಣ ಚಲೋನ ಇರತಾವ್ರಿ. ಗಿಣಿ ಇಲ್ಲ, ಮೊಬೈಲ್ ಇರತೈತಿ. ಚಡ್ಡಿ, ಹವಾಯಿ ಚಪ್ಪಲ್ ಹಾಕ್ಕೊಂಡು ಸಣ್ಣ ಇಂಜಿನ್ ದೋಣ್ಯಾಗ ಬರತಾರ. ಬಿದಿರಿಗೆ ಕೊಕ್ಕಿ ಕಟ್ಟಿ ಹಡಗ ಹತ್ತತಾರ.”

“ಬಂಗಾರ ಒಯ್ತಾರೇನು?”

“ಎಲ್ಲಿ ಬಂಗಾರ್ರಿ! ಹಗ್ಗ, ಬಣ್ಣದ ಡಬ್ಬಿ, ಇಂಜಿನ್ನಿನ ಬಿಡಿಭಾಗ.”

ಹಿಂದಿನ ಸೀಟಿನ ರೈತನೊಬ್ಬ ಎದ್ದೇ ನಿಂತ. “ಅವ್ರೇ ನೋಡ್ರಿ! ಹ್ವಾದ ವಾರ ನನ್ನ ಪಂಪಸೆಟ್ಟಿನ ಕೇಬಲ್ ಒಯ್ದಾವ್ರು!”

ಬಸ್ಸು ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಬಂದಾಗ ಅರ್ಧ ಬಸ್ಸು ಕಿಟಕಿಗೆ ಜೋತುಬಿದ್ದು, ದೋಣಿ ಕಾಣುತ್ತದೆಯೇ ಎಂದು ನೀರನ್ನೇ ನೋಡುತ್ತಿತ್ತು.

ಮಾವ ಬಾಯಿ ಹಾಕಿದ

ಹುಡುಗಿಯ ಅಪ್ಪ ಸೀರೆ ನೇಯುವವರು, ಮಾತು ಕಡಿಮೆ. ಅವಲಕ್ಕಿ ಮುಗಿಯುವ ಮೊದಲೇ ಕೇಳಿದರು, “ಕಳ್ಳರು ಬಂದ್ರ ಏನ ಮಾಡತೀರಿ?”

ಅವರ ಅಂಜಿಕೆ ಕಳೆಯಲೆಂದು ನಗುನಗುತ್ತ ಹೇಳಿದೆ, “ಏನೂ ಆಗೂದಿಲ್ರಿ. ಹಡಗಿನ್ಯಾಗ ಒಂದ ಗಟ್ಟಿ ಖೋಲಿ ಐತಿ. ಎಲ್ಲಾರೂ ಒಳಗ ಹೋಗಿ ಬಾಗಲಾ ಹಾಕ್ಕೊಂಡು ವೈರಲೆಸ್ಸಿನ್ಯಾಗ ಸುದ್ದಿ ಕೊಡತೇವಿ. ನೌಕಾಪಡೆ ಬರೂತನಕಾ ಅಲ್ಲೇ.”

“ನೀವು ಎಷ್ಟ ಮಂದಿ?”

“ಇಪ್ಪತ್ತ ಮಂದಿರಿ.”

“ಅವ್ರು?”

“ನಾಕೈದ ಮಂದಿ.”

ಅವರು ಅವಲಕ್ಕಿಯ ಬಶಿ ಕೆಳಗಿಟ್ಟರು. “ಇಪ್ಪತ್ತ ಮಂದಿ ಗಂಡಸರು ನಾಕ ಮಂದಿಗೆ ಅಂಜಿ ಬಾಗಲಾ ಹಾಕ್ಕೊಂಡ್ರಿ?”

ನನ್ನ ಮಾನ ಹೋಗುತ್ತಿರುವುದನ್ನು ಮಾವನಿಗೆ ನೋಡಲಾಗಲಿಲ್ಲ. “ಹಂಗಲ್ರಿ ಬೀಗ್ರ, ಅವ್ರ ಕೈಯಾಗ ಬಂದೂಕ ಇರತಾವ್ರೀ!”

“ಬಂದೂಕ? ಹಂಗಾರ ಈ ಸಂಬಂಧನ ಬ್ಯಾಡ್ರಿ.”

ನನ್ನ ಮಾನ ಉಳಿಯಿತು, ಹೆಣ್ಣು ಹೋಯಿತು. ಮಾವ ಮಾತ್ರ ಉಳಿದ ಅವಲಕ್ಕಿಯನ್ನು ನಿಶ್ಚಿಂತೆಯಿಂದ ಮುಗಿಸಿದ.

ಮೊಬೈಲಿನೊಳಗಿನ ಹುಡುಗ

ಎದ್ದು ಹೋಗುವುದೊಂದೇ ಬಾಕಿ. ನನಗೆ ತಡೆಯಲಾಗಲಿಲ್ಲ. ಮೊಬೈಲ್ ತೆಗೆದು, ಹಡಗಿನ ಸುತ್ತ ಹಾಕಿದ ಮುಳ್ಳುತಂತಿ, ಕಳ್ಳರ ಮೇಲೆ ನೀರು ಹಾರಿಸುವ ಪೈಪು, ಹಗಲೂ ರಾತ್ರಿ ಇರುವ ಕಾವಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ತೋರಿಸತೊಡಗಿದೆ. ಹುಡುಗಿಯ ಅಜ್ಜಿ ಮೊಬೈಲ್ ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

“ಮೂಲ್ಯಾಗ ನಿಂತಾನಲ್ಲ, ಈ ಹುಡುಗ ಯಾರಪಾ? ಎದಿ ಸೆಟೆಸಿ ಹೆಂಗ ನಿಂತಾನ ನೋಡು! ಯಾವ ಊರಾಂವ? ಲಗ್ನ ಆಗೇತೇನು?”

ನೋಡಿದರೆ ಬೆದರುಗೊಂಬೆ! “ಅದು ಮನಶ್ಯಾ ಅಲ್ರಿ ಆಯಿ. ಹಳೇ ಅಂಗಿ-ಪ್ಯಾಂಟಿನ್ಯಾಗ ಚಿಂದಿ ತುಂಬಿ, ತಲಿಗೆ ಹೆಲ್ಮೆಟ್ ಇಟ್ಟೇವಿ. ದೂರದಿಂದ ನೋಡಿದ ಕಳ್ಳರು, ಕಾವಲು ಜೋರ ಐತಿ ಅಂತ ತಿಳೀಬೇಕು. ನಮ್ಮ ಜ್ವಾಳದ ಹೊಲದಾಗ ಮಾಡಿದಂಗ ನಾನ ಮಾಡೇನಿ.”

“ಕಳ್ಳರು ಅಂಜಿದರೇನು?” ಬಾಗಿಲ ಹಿಂದಿನಿಂದ ಹುಡುಗಿಯ ದನಿ. ಅಬ್ಬಾ, ಆ ಗಳಿಗೆಯ ನನ್ನ ಖುಷಿ ಏನೆಂದು ಹೇಳಲಿ!

“ಒಂದ ದೋಣಿ ಹತ್ತಿರ ಬಂದು, ಇವನ್ನ ನೋಡಿ, ಹೊಳ್ಳಿ ಹೋತ್ರಿ.”

ಹುಡುಗಿಯ ಅಪ್ಪ ಮೊದಲು ಬಿಗಿದುಕೊಂಡೇ ಕೂತಿದ್ದರು. ಆಮೇಲೆ ಭುಜ ಅಲುಗಿತು, ಆಮೇಲೆ ಗೊಳ್ಳೆಂದು ನಕ್ಕು ಕಣ್ಣು ಒರೆಸಿಕೊಂಡರು. “ಬಂದೂಕಿನಾವ್ರನ್ನ ಚಿಂದಿಲೇ ಓಡಿಸೀರಿ ಅಂದ್ರ ನಂದೇನೂ ತಕರಾರಿಲ್ಲ. ನೀ ಏನಂತಿ ಮಗಳ?”

“ನನಗ ಹುಡುಗ ಒಪ್ಪಿಗಿ ಅಪ್ಪಾ.”

ಅಜ್ಜಿ ಮೊಬೈಲಿನಿಂದ ತಲೆ ಎತ್ತಿದರು. “ಯಾವ ಹುಡುಗ? ಕುಂತಾವನೋ, ನಿಂತಾವನೋ?”

“ಮಾತಾಡಾವ್ರು, ಆಯಿ.”

ಅಜ್ಜಿ ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. “ಇನ್ನೊಮ್ಮೆ ವಿಚಾರ ಮಾಡ ನನ್ನವ್ವಾ. ಮಾತಾಡದ ಗಂಡ ಎಲ್ಲಾರಿಗೂ ಸಿಗೂದಿಲ್ಲ.”