ಹಾಳಾದ ದಿನಾಂಕ

ಬಾಳಿಕೆ ದೃಢೀಕರಣ ಕಚೇರಿಯ ಪ್ರಮಾಣಪತ್ರವಿಲ್ಲದ ಯಾವುದೇ ಪಾದರಕ್ಷೆ, ಪಾತ್ರೆ, ಪೀಠೋಪಕರಣವನ್ನು ನಮ್ಮೂರಿನಲ್ಲಿ ಮಾರತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದು ಒಂದು ವರ್ಷವಾಯಿತು. ಗ್ರಾಹಕರ ಹಿತಕ್ಕಾಗಿಯೇ ಬಂದದ್ದು. ಅದರಲ್ಲಿ ಎರಡು ಮಾತಿಲ್ಲ.

ನಮ್ಮ ಬೀದಿಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಮೇಸ್ತ್ರಿಗೆ ನೋಟಿಸು ಬಂತು. ತಿಂಗಳೊಳಗೆ ಪ್ರಮಾಣಪತ್ರ ತರದಿದ್ದರೆ ಅಂಗಡಿಗೆ ಬೀಗ. ಆತ ನೇರ ನನ್ನ ಹತ್ತಿರ ಬಂದ.

"ನಾನು ಹೊಲಿದ ಜೊತೆ ಹತ್ತೊಂಬತ್ತು ವರ್ಷದಿಂದ ನಿಮ್ಮ ಕಾಲಲ್ಲಿದೆ. ನೀವೇ ಸಾಕ್ಷಿ ಸಾರ್."

ನಿವೃತ್ತನಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಹಿಗ್ಗಿ ಹೊರಟೆ. "ಹೋಗಿ ಬನ್ನಿ, ನಿಮಗಲ್ಲದಿದ್ರೂ ನಿಮ್ಮ ಚಪ್ಪಲಿಗಾದ್ರೂ ಮರ್ಯಾದೆ ಸಿಗುತ್ತೆ" ಎಂದು ಹೆಂಡತಿ ಹರಸಿದಳು.

ಕಚೇರಿಯಲ್ಲಿ ಗುಮಾಸ್ತರು ಅರ್ಜಿಯ ಏಳನೇ ಕಲಮಿನ ಮೇಲೆ ಬೆರಳಿಟ್ಟರು. "ಹಾಳಾದ ದಿನಾಂಕ?"

"ಹಾಳಾಗಿಲ್ವಲ್ಲ" ಎಂದೆ.

"ಹಾಗಾದ್ರೆ ಬಾಳಿಕೆ ಬಂದಿಲ್ಲ."

"ಹತ್ತೊಂಬತ್ತು ವರ್ಷದಿಂದ ಬರ್ತಾನೇ ಇದೆ ಸ್ವಾಮಿ."

"ಬರ್ತಾ ಇದೆ ಅಂದ್ರೆ ಇನ್ನೂ ಬಂದಿಲ್ಲ ಅಂತ. ಓದಿದವರು ನೀವು, ವ್ಯಾಕರಣ ನಾನು ಹೇಳಿಕೊಡ್ಬೇಕಾ?"

ಕಾಲೇಜಿನಲ್ಲಿ ವ್ಯಾಕರಣವನ್ನೇ ಓದಿದವನಾದ್ದರಿಂದ ಒಪ್ಪಲೇಬೇಕಾಯಿತು.

ಅಷ್ಟರಲ್ಲಿ ಅಂಟು ಹಚ್ಚಿದ ಬೂಟು ಮಾರುವ ದೊಡ್ಡ ಅಂಗಡಿಯವರು ಬಾಯಿ ಬಿಟ್ಟ ಬೂಟೊಂದನ್ನು ಮೇಜಿನ ಮೇಲಿಟ್ಟರು. ಹತ್ತು ನಿಮಿಷದಲ್ಲಿ ಪ್ರಮಾಣಪತ್ರ ಕೈಗೆ ಬಂತು: "ಬಾಳಿಕೆ: ಇಪ್ಪತ್ತೊಂದು ದಿನ. ದೃಢೀಕರಿಸಲಾಗಿದೆ." ಹುರುಪು ಬಂದು ಅವರು ಎರಡೇ ವಾರದಲ್ಲಿ ಒಂಬತ್ತೇ ದಿನ ಬಾಳುವ ಬೂಟು ತಯಾರಿಸಿ, ತ್ವರಿತ ಸೇವೆಗೆಂದು ಕಚೇರಿಯಿಂದ ಪ್ರಶಸ್ತಿ ಫಲಕವನ್ನೂ ಪಡೆದರು.

"ನೀವೂ ಒಂದು ಜೊತೆ ಹಾಳು ಮಾಡ್ಕೊಂಡು ಬನ್ನಿ ಮೇಸ್ತ್ರಿ" ಎಂದು ಗುಮಾಸ್ತರು ಕನಿಕರದಿಂದ ಹೇಳಿದರು.

ಮೇಸ್ತ್ರಿ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಬೆಳಿಗ್ಗೆ ಹೊಲಿಗೆ ಬಿಟ್ಟು ಬಿಟ್ಟು ಹಾಕಿದ. ಮಧ್ಯಾಹ್ನ ನಾನು ಹೋಗಿ ನೋಡಿದರೆ, ದಾರಕ್ಕೆ ಮೇಣ ಹಚ್ಚಿ ಬಿಟ್ಟದ್ದನ್ನೆಲ್ಲ ತುಂಬುತ್ತಿದ್ದ. "ಏನ್ಮಾಡ್ಲಿ ಸಾರ್, ಕೈ ಮಾತು ಕೇಳಲ್ಲ" ಎಂದು ತಲೆ ತಗ್ಗಿಸಿದ.

ಕೊನೆಗೆ ವಸ್ತುಗಳನ್ನು ತೇಯ್ದು ಪರೀಕ್ಷಿಸುವ ಕಚೇರಿಯ ಯಂತ್ರಕ್ಕೇ ಆ ಜೊತೆಯನ್ನು ಕೊಟ್ಟೆವು. ಮೂರನೇ ದಿನ ಯಂತ್ರ ನಿಂತುಹೋಯಿತು. ಹಾಳಾದ ದಿನಾಂಕ ಖಚಿತವಾಗಿ ಗೊತ್ತಿದ್ದರಿಂದ ಯಂತ್ರಕ್ಕೆ ಕೂಡಲೇ ಪ್ರಮಾಣಪತ್ರ ಕೊಡಲಾಯಿತು.

ಬೀಗ ಹಾಕಲು ಎರಡು ದಿನ ಉಳಿದಿರುವಾಗ ಹಿರಿಯ ಅಧಿಕಾರಿಗಳು ನಮ್ಮನ್ನು ಒಳಗೆ ಕರೆದರು. ಕಡತ ನೋಡಿದರು. ಮೇಜಿನ ಕೆಳಗೆ ತಮ್ಮ ಕಾಲನ್ನೂ ನೋಡಿಕೊಂಡರು. "ನಿಮ್ಮ ಅಂಗಡಿ ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ ಮೇಸ್ತ್ರಿ? ಇದು ಹನ್ನೊಂದು ವರ್ಷದ್ದು" ಎಂದರು. ಮರುದಿನ ಪ್ರಕಟಣೆ ಹೊರಬಿತ್ತು:

"ಹಾಳಾಗದ ವಸ್ತು ಮುಗಿದ ವಸ್ತುವಲ್ಲ. ಮುಗಿಯದ ವಸ್ತು ಇನ್ನೂ ತಯಾರಿಕೆಯಲ್ಲಿದೆ. ತಯಾರಿಕೆಯಲ್ಲಿರುವುದಕ್ಕೆ ಪ್ರಮಾಣಪತ್ರ ಅನಗತ್ಯ. ಸದರಿ ಚಪ್ಪಲಿ ಮೆಟ್ಟಿ ಓಡಾಡುವವರನ್ನು ಸದರಿ ಅಂಗಡಿಯ ಕೆಲಸಗಾರರೆಂದು ಪರಿಗಣಿಸತಕ್ಕದ್ದು."

ಅಂಗಡಿ ಉಳಿಯಿತು. ಈಗ ನಾವು ನಲವತ್ತೆರಡು ಜನ ಕೆಲಸಗಾರರು. ಪ್ರತಿ ಸೋಮವಾರ ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಸೇವಾವಧಿಯಲ್ಲಿ ನಾನೇ ಹಿರಿಯ. ಅಧಿಕಾರಿಗಳು ನನಗಿಂತ ಎಂಟು ವರ್ಷ ಕಿರಿಯರು, ಸಹಿ ಹಾಕುವಾಗ ಪೆನ್ನನ್ನು ಮೊದಲು ನನಗೇ ಕೊಡುತ್ತಾರೆ.

ಪ್ರಕಟಣೆಯನ್ನು ಹೆಂಡತಿಯೂ ಓದಿದಳು. "ನನ್ನ ಕಬ್ಬಿಣದ ಬಾಣಲೆ ಮೂವತ್ತೊಂದು ವರ್ಷದಿಂದ ತಯಾರಾಗ್ತಾ ಇದೆ ರೀ. ಅಂದ್ರೆ ನಮ್ಮ ಅಡುಗೆಮನೆ ಕಾರ್ಖಾನೆ. ಭಾನುವಾರ ರಜೆ."

ಇವತ್ತು ಭಾನುವಾರ. ಹೊರಗೆ ಹೋಗಿ ಏನಾದರೂ ತಿಂದು ಬರೋಣವೆಂದರೆ, ಚಪ್ಪಲಿ ಮೆಟ್ಟುವುದೇ ನಮ್ಮ ಕೆಲಸವಾದ್ದರಿಂದ ರಜಾದಿನ ಮೆಟ್ಟಲು ಮೇಸ್ತ್ರಿಯ ಲಿಖಿತ ಅಪ್ಪಣೆ ಬೇಕು. ಅರ್ಜಿ ಕಳಿಸಿ, ಬರಿಗಾಲಲ್ಲಿ ಜಗಲಿಯ ಮೇಲೆ ಕೂತಿದ್ದೇನೆ. ನಿಯಮದ ಪ್ರಕಾರ ಉತ್ತರ ಸೋಮವಾರ ಬರುತ್ತದೆ.