ಕಂಬಳಿಯೊಳಗಿನ ಕುರಿಮರಿ

ಅಂಜಿಕೆ ಎಲ್ಲರಲ್ಲೂ ಇರುತ್ತದೆ. ಯಾರು ಎಲ್ಲಿ ಬಚ್ಚಿಡುತ್ತಾರೆ ಎನ್ನುವುದಷ್ಟೇ ಬೇರೆ. ಕೆಲವರು ಮೀಸೆಯ ಹಿಂದೆ ಇಡುತ್ತಾರೆ, ಕೆಲವರು ಮೋಟರ್ ಸೈಕಲ್ಲಿನ ಸದ್ದಿನಲ್ಲಿ. ನನಗೆ ಮೈಕ್ ಎಂದರೆ ಅಂಜಿಕೆ. ಕೊಟ್ಟೂರಿನ ನನ್ನ ಬಟ್ಟೆ ಅಂಗಡಿಯಲ್ಲಿ ಒಂದು ಸೀರೆ ಮಾರಲು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮಾತಾಡಬಲ್ಲೆ. ಅದೇ ಬಾಯಿಯ ಮುಂದೆ ಮೈಕ್ ಹಿಡಿದರೆ ನಾಲಗೆ ಒಳಗೆಲ್ಲೋ ಹೋಗಿ ಮುದುಡಿ ಕುಳಿತುಬಿಡುತ್ತದೆ. ಹೊಳಲಿನಲ್ಲಿ ನೆಂಟರ ಮದುವೆಯಲ್ಲಿ ಯಾರೋ, “ಹಿರೇರು, ಹುಡುಗ ಹುಡುಗೀನ ಹರಸಿ ಎರಡು ಮಾತಾಡ್ರಿ” ಎಂದು ಕೈಗೆ ಮೈಕ್ ಕೊಟ್ಟರು. ನಾನು ಅದನ್ನು ಮದುಮಗನ ಕೈಗೆ ಕೊಟ್ಟು, ಅವನ ಕೈಯಲ್ಲಿದ್ದ ತೆಂಗಿನಕಾಯಿ ಇಸಿದುಕೊಂಡು, ನೇರವಾಗಿ ಊಟದ ಪಂಕ್ತಿಗೆ ನಡೆದುಬಿಟ್ಟೆ. ಕಾಯಿ ನನ್ನ ಬಗಲಲ್ಲಿದೆ ಎಂದು ತಿಳಿದದ್ದು ಹೋಳಿಗೆಗೆ ತುಪ್ಪ ಬಿದ್ದ ಮೇಲೆ.

ಇಂಥವನ ಹತ್ತಿರ ಬಂದಳು ನಮ್ಮ ನಂದಾ. ನನ್ನ ತಮ್ಮನ ಮಗಳು, ಚಿತ್ರಕಲೆ ಓದುತ್ತಿದ್ದಾಳೆ. ಪರೀಕ್ಷೆಗೆಂದು ಒಂದು ಕಾರ್ಟೂನ್ ಕಿರುಚಿತ್ರ ಮಾಡಿದ್ದಳು. ಉಣ್ಣೆ ಕತ್ತರಿಸುವ ಮುಂಚೆ ನಮ್ಮ ಕಡೆ ಕುರಿಗಳನ್ನು ಕೆರೆಗೆ ಹೊಡೆದು ಮೈ ತೊಳೆಸುತ್ತಾರಲ್ಲ, ಅದೇ ಕತೆ. ಒಂದು ಮರಿಗೆ ನೀರೆಂದರೆ ಭಯ. ಹಿಂಡೆಲ್ಲ ಇಳಿದರೂ ಅದು ದಂಡೆಯಲ್ಲೇ ನಿಂತು ಅರಚುತ್ತದೆ. ಕೊನೆಗೆ ಹಾರುತ್ತದೆ, ಈಜಿ ಆಚೆ ದಡಕ್ಕೆ ಏರಿ ಧೈರ್ಯದಿಂದ ಒಮ್ಮೆ ಕೂಗುತ್ತದೆ. ಚಿತ್ರವೆಲ್ಲ ಚೆಂದಾಗಿತ್ತು, ಆದರೆ ಮರಿ ಮೂಕ. ಮರುದಿನ ಬೆಳಿಗ್ಗೆ ಒಪ್ಪಿಸದಿದ್ದರೆ ನಂದಾ ಫೇಲು. ನಿಜವಾದ ಕುರಿಮರಿಯ ಮುಂದೆ ಮೈಕ್ ಹಿಡಿದು ನೋಡಿದ್ದಳಂತೆ. ಅದು ಮೈಕಿಗೆ ಹಾಕಿದ್ದ ತುಪ್ಪಳದ ಟೋಪಿಯನ್ನು ತಿಂದು ಸುಮ್ಮನಾಯಿತಂತೆ.

“ದೊಡ್ಡಪ್ಪ, ಸಣ್ಣಾಕಿ ಇದ್ದಾಗ ನನ್ನ ನಗಸಾಕ ನೀವು ಕುರಿ ಕೂಗು ಕೂಗ್ತಿದ್ರಿ. ಅದನ್ನ ಕೂಗ್ರಿ, ಸಾಕು.”

“ಅದು ಮೈಕ್ ಇಲ್ಲದ ಕಾಲ, ತಾಯಿ.”

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. ಅವಳು ಹರಪನಹಳ್ಳಿಯವಳು, ಮೈಕಿನ ಅಗತ್ಯವೇ ಇಲ್ಲದವಳು. “ಕುರಿ ಆಗಾಕ ಇವ್ರಿಗೆ ಅಭ್ಯಾಸ ಬ್ಯಾರೆ ಬೇಕೇನ? ಒಳಗ ಕರ್ಕಂಡು ಹೋಗವಾ.”

ಹೊರಗಿನ ಸದ್ದು ಬರಬಾರದೆಂದು ನಂದಾ ಎರಡು ಮಂಚಗಳ ಮೇಲೆ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿ ಗುಡಾರ ಮಾಡಿದಳು. ನಾನು ಅದರೊಳಗೆ ಅಂಬೆಗಾಲಿಟ್ಟು ತೂರಿದೆ. ಒಳಗೆ ಕತ್ತಲು, ಸೆಕೆ, ಮೂಗಿಗೆ ಚುಚ್ಚುವ ಉಣ್ಣೆ, ಎದುರಿಗೆ ಕೆಂಪು ದೀಪ ಬಿಟ್ಟುಕೊಂಡು ದಿಟ್ಟಿಸುವ ಮೈಕ್. “ಮೊದ್ಲು ಅಂಜಿದ ಕೂಗು” ಎಂದಳು. ನಾನು ಏನೂ ಮಾಡಬೇಕಾಗಿರಲಿಲ್ಲ. ಬಾಯಿ ತೆರೆದದ್ದೇ ತಡ, ಜೀವವೇ ನಡುಗುತ್ತ ಹೊರಬಂತು. “ಏನ್ ನಟನೆ ದೊಡ್ಡಪ್ಪ!” ಎಂದಳು. ನಟನೆಯೆಂದೇ ತಿಳಿಯಲಿ ಎಂದುಕೊಂಡೆ.

ಕಷ್ಟ ಶುರುವಾದದ್ದು ಧೈರ್ಯದ ಕೂಗಿಗೆ. ಒಮ್ಮೆ ಕೆಮ್ಮಿದಂತಾಯಿತು, ಒಮ್ಮೆ ಹಳೆಯ ಬಸ್ಸು ಹಾರ್ನ್ ಹೊಡೆದಂತೆ. ಮಿಕ್ಕೆಲ್ಲ ಸಲ ಮತ್ತದೇ ಅಂಜಿದ ಮರಿ. “ಎದೀ ಉಬ್ಬಿಸ್ರಿ, ಈಗ ನೀವು ನೀರು ದಾಟೀರಿ” ಎನ್ನುತ್ತಾಳೆ. ನಾನು ಎದೆ ಉಬ್ಬಿಸಿದರೆ ಮೇಲಿನ ಕಂಬಳಿ ಜಾರುತ್ತದೆ. ಅವಳ ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಹಿತ್ತಲ ಬಾಗಿಲನ್ನು ಯಾರೋ ಗುದ್ದಿದರು.

ಮನೆಯ ಹಿಂದಿನ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಚಿಗಟೇರಿ ಕಡೆಯ ಕೆಂಚಪ್ಪನ ಕುರಿಹಿಂಡನ್ನು ನಿಲ್ಲಿಸಿಕೊಂಡಿದ್ದೆವು. ಅದನ್ನು ನಾನು ಮರೆತೇಬಿಟ್ಟಿದ್ದೆ. ನನ್ನ ಕೂಗು ಕೇಳಿ ಹಿಂಡಿನ ತಾಯಿಕುರಿಯೊಂದು ಓಡಿ ಬಂದು ಬಾಗಿಲು ಗುದ್ದುತ್ತಿತ್ತು. ಅದರ ಹಿಂದೆ ಬಡಿಗೆ ಹಿಡಿದ ಕೆಂಚಪ್ಪ, ಅವನ ಹಿಂದೆ ಅಕ್ಕಪಕ್ಕದ ಮನೆಯವರು.

“ಸಾವ್ಕಾರ್ರ, ಇದು ಚಲೋ ಅಲ್ಲ ನೋಡ್ರಿ. ನಮ್ಮ ಮರೀನ ಒಳಗ ಯಾಕ ಕಟ್ಟೀರಿ?”

ತಲೆಯ ತುಂಬ ಉಣ್ಣೆಯ ಎಳೆ ಮೆತ್ತಿಕೊಂಡು ಹೊರಬಂದೆ. “ಮರಿ ಇಲ್ಲೋ ಮಾರಾಯ. ಕೂಗಿದ್ದು ನಾನು.”

“ದೊಡ್ಡೋರು ನೀವು, ಹಿಂಗ ಸುಳ್ಳು ಹೇಳಬ್ಯಾಡ್ರಿ.”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಇಷ್ಟು ವರ್ಷ ಅಂಗಡಿ ನಡೆಸಿ ಗಳಿಸಿದ ಹೆಸರು ‘ಮರಿ ಕದ್ದ ಸಾವ್ಕಾರ’ ಎಂದು ಬದಲಾಗಲು ಇನ್ನು ಒಂದು ಗಳಿಗೆ ಸಾಕಿತ್ತು. ಉಳಿಯಲು ಇದ್ದದ್ದು ಒಂದೇ ದಾರಿ, ಎಲ್ಲರೆದುರು ಕೂಗಿ ತೋರಿಸುವುದು. ಬಾಯಿ ತೆರೆದೆ. ಇಷ್ಟು ಜನರನ್ನು ಕಂಡ ನಾಲಗೆ ಹೊಳಲಿನ ಮದುವೆಯಲ್ಲಿ ಮಾಡಿದ್ದನ್ನೇ ಮಾಡಿತು. ಗಾಳಿ ಮಾತ್ರ ಹೊರಬಂತು.

“ನೋಡ್ರಪಾ, ಬಾಯೇ ಬರವಲ್ದು” ಎಂದ ಕೆಂಚಪ್ಪ.

ಆಗ ನನ್ನ ಹೆಂಡತಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. “ಮರ್ಯಾದಿ ಹೊಂಟೈತಿ, ಮಕ ನೋಡ್ಕಂತ ನಿಂತೀರೇನ್ರಿ? ಕೂಗ್ರಿ! ಹಿಂಗ ಕೂಗ್ರಿ!” ಎಂದವಳೇ ಸೊಂಟದ ಮೇಲೆ ಕೈಯಿಟ್ಟು, “ಬ್ಯಾಆಆ!” ಎಂದು ಕೂಗಿದಳು ನೋಡಿ. ಹೊಲದಲ್ಲಿ ಹಿಂಡಿಗೆ ಹಿಂಡೇ ಗಪ್ಪಾಯಿತು. ಕೆಂಚಪ್ಪ ಬಡಿಗೆ ಇಳಿಸಿದ. ಆ ಅಬ್ಬರಕ್ಕೆ ಬೆದರಿ ನನ್ನ ಗಂಟಲಿನಿಂದ ತಾನಾಗಿಯೇ ಒಂದು ಎಳೆಯ, ನಡುಗುವ “ಬ್ಯಾ” ಹೊರಟಿತು. ತಾಯಿಕುರಿ ಓಡಿಬಂದು ನನ್ನ ಧೋತರವನ್ನು ಮೂಸಿತು, ಅಂಗೈ ಮೂಸಿತು, ಮೂಗಿನಿಂದ ಪುಸ್ಸೆಂದು ಸೀನಿ ಹೊಲದ ಕಡೆ ತಿರುಗಿ ನಡೆಯಿತು.

“ತಾಯಿ ಒಪ್ಪಲಿಲ್ಲ. ನಮ್ಮದಲ್ಲ ಬಿಡ್ರಿ,” ಎಂದ ಕೆಂಚಪ್ಪ. “ತಪ್ಪಾತ್ರಿ ಸಾವ್ಕಾರ್ರ. ಆದ್ರ ನೀವು ಹಿಂಗ ಕೂಗಿದ್ರ ನಮ್ಮ ಕುರಿಗೆ ಹೊಟ್ಟಿಗೆ ಕೂಳು ಹೋಗಂಗಿಲ್ರಿ. ಅಕ್ಕಾರ ಕೂಗಿದ್ರ ಆಗಬಹುದು, ತೋಳ ಬರಂಗಿಲ್ಲ.”

ನಂದಾ ಮೈಕ್ ಹಿಡಿದೇ ನನ್ನ ಹಿಂದೆ ಹೊರಗೆ ಬಂದಿದ್ದಳು, ಅದನ್ನು ಆರಿಸಿರಲಿಲ್ಲ. ಎಲ್ಲವೂ ಅದರಲ್ಲಿ ದಾಖಲಾಗಿತ್ತು. ಚಿತ್ರವನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿದಳು, ಪಾಸಾದಳು. ಮೊನ್ನೆ ಹಗರಿಬೊಮ್ಮನಹಳ್ಳಿಯ ಬೀಗರ ಮನೆಯಲ್ಲಿ ಅದನ್ನು ಟಿವಿಗೆ ಹಾಕಿ ತೋರಿಸಿದಳು. ದಂಡೆಯಲ್ಲಿ ನಿಂತು ಅತ್ತ ಮರಿ ನಾನೇ. ನೀರಿಗೆ ಹಾರಿ ಆಚೆ ದಡ ಏರಿ ತಲೆಯೆತ್ತಿ ಕೂಗಿದಾಗ ಬಂದದ್ದು ಮಾತ್ರ ಲಟ್ಟಣಿಗೆ ಹಿಡಿದವಳ ದನಿ. ಬೀಗರು ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು. “ಧೈರ್ಯ ಬಂದ ಕೂಡ್ಲೆ ಮರಿ ಧ್ವನಿನ ಬದಲಾತು ನೋಡ್ರಿ. ಎರಡೂ ನೀವ ಮಾಡಿದ್ದೇನ್ರಿ?”

ಪಕ್ಕದಲ್ಲೇ ಕುಳಿತಿದ್ದ ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಿಜ ಹೇಳಲು ಧೈರ್ಯ ಬೇಕು, ಸುಳ್ಳು ಹೇಳಲು ಇನ್ನೂ ಹೆಚ್ಚು ಬೇಕು. ನಾನು ಬೀಗರು ಕೊಟ್ಟ ತಟ್ಟೆಯಿಂದ ಇನ್ನೊಂದು ಮಂಡಕ್ಕಿ ಉಂಡೆ ಬಾಯಿಗೆ ಹಾಕಿಕೊಂಡೆ.